ಕಂಡಕ್ಟರ್ ಮಾವನ ಏಳು ಸಾವಿರದ ಆರುನೂರು ಕಿಲೋಮೀಟರ್

ನನ್ನ ಸೋದರಮಾವ ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಅಷ್ಟು ವರ್ಷವೂ ಒಂದೇ ರೂಟು. ರೈಲ್ವೆ ಸ್ಟೇಷನ್ನಿನ ಎದುರಿಂದ ಹೊರಟು ನೀರಿನ ಟ್ಯಾಂಕಿನ ಹತ್ತಿರದ ಕೊನೆಯ ಸ್ಟಾಪಿಗೆ ಹತ್ತೊಂಬತ್ತು ಕಿಲೋಮೀಟರ್, ಐವತ್ತೈದು ನಿಮಿಷ. ಮತ್ತೆ ಅಲ್ಲಿಂದ ಇಲ್ಲಿಗೆ. ದಿನಕ್ಕೆ ಎಂಟು ಸಲ. ಒಮ್ಮೆ ನಾನು ಕೂಡಿಸಿ ಗುಣಿಸಿ ನೋಡಿ, "ಮಾವ, ನೀನು ಓಡಿದ ದೂರಕ್ಕೆ ಚಂದ್ರನಿಗೆ ಹೋಗಿ ಬಂದು ಇನ್ನೊಂದು ಸಲ ಹೊರಡಬಹುದಿತ್ತು" ಅಂದೆ. ಅತ್ತೆ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಹೌದು, ಆದರೂ ನೀರಿನ ಟ್ಯಾಂಕು ದಾಟಲಿಲ್ಲ" ಅಂದಳು.

ಬಸ್ಸು ಹೊರಡಿಸುವಾಗ "ರೈಟ್" ಅನ್ನುವುದು ಕಂಡಕ್ಟರುಗಳ ವಾಡಿಕೆ. ಮಾವನಿಗೆ ಅದು ನಾಲಿಗೆಗೇ ಅಂಟಿಕೊಂಡಿತ್ತು. ಊಟ ಬಡಿಸಲಾ ಅಂದರೆ ರೈಟ್. ನಾಳೆ ಬರ್ತೀಯಾ ಅಂದರೆ ರೈಟ್. ಯಾರಾದರೂ ಕಷ್ಟ ಹೇಳಿಕೊಂಡರೆ ಕೊನೆಯವರೆಗೂ ಕೇಳಿ, ಮೆಲ್ಲಗೆ ರೈಟ್. ಬೀದಿಯವರಿಗೆಲ್ಲ ಅವನು ರೈಟಣ್ಣ. ಅವನ ನಿಜವಾದ ಹೆಸರು ಪೋಸ್ಟಿನವನಿಗೂ ಮರೆತಿತ್ತು.

ಅತ್ತೆ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಎರಡು ಯಂತ್ರ, ಬಟ್ಟೆ ಕತ್ತರಿಸುವ ಉದ್ದ ಮೇಜು, ಗೋಡೆಗೆ ಒರಗಿಸಿದ ಕನ್ನಡಿ. ಶಾಲೆಯ ಯೂನಿಫಾರಂ, ಪರದೆ, ಹಳೆ ಪ್ಯಾಂಟಿನ ಸೊಂಟ ಸಡಿಲ ಮಾಡುವುದು, ಹೀಗೆ ವರ್ಷಪೂರ್ತಿ ಕೈತುಂಬ ಕೆಲಸ. ಮಕ್ಕಳಿರಲಿಲ್ಲ. ಎರಡು ಬೀದಿ ಆಚೆ ಇದ್ದ ನಾನು ಶಾಲೆ ಬಿಟ್ಟ ಕೂಡಲೇ ಅಲ್ಲಿಗೇ ಹೋಗುತ್ತಿದ್ದೆ. ಗುಂಡಿ ಡಬ್ಬಿ ಚೆಲ್ಲಿ ಬೈಸಿಕೊಳ್ಳುವುದು ನನ್ನ ದಿನದ ಪಾಠ.

ಅತ್ತೆಗೆ ಐವತ್ತೊಂದು ತುಂಬಿದ ವರ್ಷ, ಬೆರಳಿಗೆ ಸೂಜಿ ಚುಚ್ಚಿದರೆ ರಕ್ತ ನಿಲ್ಲದಾಯಿತು. ಟೈಲರ್ ಬೆರಳಿಗೆ ಸೂಜಿ ಹೊಸದೇ? ಅವಳು ಬಟ್ಟೆ ಚೂರು ಸುತ್ತಿಕೊಂಡು ಕೆಲಸ ಮುಂದುವರಿಸಿದಳು. ಆಮೇಲೆ ತೋಳಿನ ಮೇಲೆ ನೀಲಿ ಕಲೆಗಳು ಬಂದವು. ಮೇಜಿಗೆ ತಗುಲಿದ್ದಿರಬೇಕು ಅಂದಳು. ಒಂದು ಮಧ್ಯಾಹ್ನ ಕತ್ತರಿ ಹಿಡಿದಲ್ಲೇ ಕುಸಿದಳು. ಮಾವ ಡ್ಯೂಟಿ ಬಟ್ಟೆಯಲ್ಲೇ ಆಸ್ಪತ್ರೆಗೆ ಓಡಿ ಬಂದ. ಅವನ ಮೂವತ್ತೊಂದು ವರ್ಷದ ನೌಕರಿಯಲ್ಲಿ ಬಸ್ಸು ಅರ್ಧ ದಾರಿಯಲ್ಲಿ ಬಿಟ್ಟಿದ್ದು ಅದೊಂದೇ ಸಲ.

ಡಾಕ್ಟರು ವಿಷಯವನ್ನು ಸರಳವಾಗಿ ಹೇಳಿದರು. ರಕ್ತ ಹುಟ್ಟುವುದು ಮೂಳೆಯ ಒಳಗಿನ ಮಜ್ಜೆಯಲ್ಲಿ. ಅತ್ತೆಯ ಮಜ್ಜೆ ಕೆಟ್ಟಿದೆ. ಅದನ್ನು ಔಷಧಿಯಿಂದ ಪೂರ್ತಿ ಸುಟ್ಟು, ಬೇರೆ ಯಾರದಾದರೂ ಒಳ್ಳೆಯ ಕಣಗಳನ್ನು ಬಿತ್ತಬೇಕು. ಆ ಯಾರದೋ ರಕ್ತ ಇವಳ ರಕ್ತಕ್ಕೆ ಹೊಂದಬೇಕು. ಒಡಹುಟ್ಟಿದವರದ್ದು ಹೊಂದುವ ಸಾಧ್ಯತೆ ಹೆಚ್ಚು.

ಅತ್ತೆಗೆ ಇಬ್ಬರು ಅಣ್ಣಂದಿರು. ಇಬ್ಬರದೂ ಹೊಂದಲಿಲ್ಲ. ದೊಡ್ಡವರು ಮಂಚದ ಪಕ್ಕ ನಿಂತು ಕಣ್ಣೀರು ಹಾಕಿದರು. "ಇಬ್ಬರಿದ್ದೂ ಒಂದು ಹನಿ ನಿನ್ನ ಉಪಯೋಗಕ್ಕೆ ಬರಲಿಲ್ಲವಲ್ಲಮ್ಮಾ."

"ಬಿಡಣ್ಣ, ಚಿಕ್ಕಂದಿನಲ್ಲಿ ನಿಮ್ಮ ಅಂಗಿ ಯಾವತ್ತು ನನಗೆ ಸರಿಹೋಗಿತ್ತು?" ಅಂದಳು ಅತ್ತೆ.

ನಾಲ್ಕು ತಿಂಗಳು ಕಾದ ಮೇಲೆ, ಆಸ್ಪತ್ರೆಯಲ್ಲಿ ಈ ಹೊಂದಾಣಿಕೆಯ ಕೆಲಸ ನೋಡಿಕೊಳ್ಳುವ ಮೇಡಂ ಮಾವನನ್ನು ತಮ್ಮ ಕೋಣೆಗೆ ಕರೆದರು. ಪುಟ್ಟ ಆಕೃತಿ, ದಪ್ಪ ಕನ್ನಡಕ, ಮೇಜಿನ ತುಂಬ ಕಡತ. "ಸಿಕ್ಕಿದ್ದಾರೆ" ಅಂದರು. "ಹೆಸರು ಹೇಳೋ ಹಾಗಿಲ್ಲ. ಊರು ಹೇಳೋ ಹಾಗಿಲ್ಲ. ಅವರಿಗೂ ನಿಮ್ಮದು ಹೇಳಲ್ಲ."

ಮಾವ ಒಂದೇ ಪ್ರಶ್ನೆ ಕೇಳಿದ. "ಎಷ್ಟು ದೂರ ಮೇಡಂ?"

ಅವರು ನಕ್ಕರಂತೆ. "ಎಲ್ಲರೂ ಗಂಡಾ ಹೆಣ್ಣಾ ಅಂತ ಕೇಳ್ತಾರೆ. ನೀವೊಬ್ಬರೇ ದೂರ ಕೇಳಿದ್ದು. ಎಂಟು ಸಾವಿರದ ನೂರ ನಲವತ್ತು ಕಿಲೋಮೀಟರ್. ವಿಮಾನದಲ್ಲಿ ಕೂರೋದೇ ಹತ್ತು ಗಂಟೆ ಇಪ್ಪತ್ತು ನಿಮಿಷ. ನಡುವೆ ಒಂದು ಕಡೆ ಇಳಿದು ಬೇರೆ ವಿಮಾನ ಹತ್ತಬೇಕು, ಅದು ಬೇರೆ ಲೆಕ್ಕ."

"ಯಾರು ತರ್ತಾರೆ?"

"ಒಬ್ಬರು ಕೈಯಲ್ಲೇ ತರ್ತಾರೆ. ಪಾರ್ಸೆಲ್ ಕಳಿಸೋ ವಸ್ತು ಅಲ್ಲ ಅದು."

ಅತ್ತೆ ನನಗೆ ಫೋನ್ ಮಾಡಿಸಿ, ಮನೆಯಿಂದ ಅಳತೆ ಟೇಪು ಮತ್ತು ಭೂಪಟ ತರಲು ಹೇಳಿದಳು. ನಾನು ಆಗ ಕಾಲೇಜಿನಲ್ಲಿದ್ದೆ. ಭೂಪಟದ ಬದಲು ನನ್ನ ಹಳೆಯ ಪುಟ್ಟ ಗೋಳ ತಂದೆ. ಭೂಮಿ ಗುಂಡಗಿರುವುದರಿಂದ ವಿಮಾನ ಕಾಗದದ ಮೇಲಿನ ಗೆರೆಯಂತೆ ಹೋಗುವುದಿಲ್ಲ, ಬಾಗಿದ ದಾರಿಯೇ ಅದಕ್ಕೆ ಹತ್ತಿರ ಅಂತ ಪಾಠ ಒಪ್ಪಿಸತೊಡಗಿದೆ. ಅವಳು ಅರ್ಧಕ್ಕೇ ನಿಲ್ಲಿಸಿದಳು. "ಹೊಟ್ಟೆ ಇರೋರ ಸೊಂಟ ಅಳೆದ ಹಾಗೆ. ನನಗೆ ಹೇಳಿಕೊಡ್ತೀಯಾ?" ಟೇಪಿನ ತುದಿಯನ್ನು ನಮ್ಮ ಊರಿನ ಮೇಲೆ ಬೆರಳಲ್ಲಿ ಒತ್ತಿ ಹಿಡಿದು ಸುತ್ತಲೂ ತಿರುಗಿಸಿದಳು. ಅಷ್ಟು ದೂರಕ್ಕೆ ಎರಡು ಸಮುದ್ರ, ಒಂದು ಮರುಭೂಮಿ, ಏಳು ದೊಡ್ಡ ಊರುಗಳು ಸಿಕ್ಕವು. "ಈ ಏಳರಲ್ಲಿ ಎಲ್ಲೋ ಒಬ್ಬರು" ಅಂತ ಒಂದೊಂದರ ಮೇಲೂ ಬೆರಳಿಟ್ಟಳು. ಅವಳ ತಲೆಗೂದಲು ಆಗಲೇ ಉದುರಿತ್ತು. ಕೈ ಮಾತ್ರ ಟೈಲರ್ ಕೈ. ಒಂದು ನೂಲಿನಷ್ಟೂ ಅಲುಗಲಿಲ್ಲ.

ಕಣಗಳ ಪೆಟ್ಟಿಗೆ ಬಂದ ದಿನ ಮಾವ ಬೆಳಿಗ್ಗೆಯಿಂದ ವಾರ್ಡಿನ ಹೊರಗಿನ ಬೆಂಚಿನ ಮೇಲಿದ್ದ. ಹನ್ನೊಂದು ಗಂಟೆಗೆ ಲಿಫ್ಟಿನಿಂದ ಒಬ್ಬ ಹೆಂಗಸು ಇಳಿದಳು. ಅರವತ್ತರ ಹತ್ತಿರದ ವಯಸ್ಸು, ಸುಕ್ಕುಸುಕ್ಕಾದ ಕೋಟು, ಊದಿದ ಪಾದ, ಕೈಯಲ್ಲಿ ನೀಲಿ ಪೆಟ್ಟಿಗೆ. ನರ್ಸು ಬಂದು ಅವಳಿಂದ ಪೆಟ್ಟಿಗೆ ತೆಗೆದುಕೊಂಡು ಸಹಿ ಹಾಕಿ ಒಳಗೆ ಹೋದಳು. ಮಾವ ಎದ್ದು ನಿಂತ. ಏನಾದರೂ ಹೇಳಬೇಕು. ಯಾವ ಭಾಷೆಯಲ್ಲಿ? ಆ ಹೆಂಗಸು ಅವನ ಕಡೆ ತಿರುಗಿ ಏನೋ ಕೇಳಿದಳು. ಮಾವನ ಬಾಯಿಗೆ ಬಂದದ್ದು ಒಂದೇ ಮಾತು. "ರೈಟ್."

ಅವಳು ತಲೆಯಾಡಿಸಿ ಬಲಗಡೆಗೆ ಹೋದಳು. ಬಲಗಡೆ ಇದ್ದದ್ದು ಬಟ್ಟೆ ಒಗೆಯುವ ಕೋಣೆ. ಅವಳು ಕೇಳಿದ್ದು ಶೌಚಾಲಯ, ಅದು ಎಡಗಡೆ ಇತ್ತು. ಮಾವನಿಗೆ ಇದು ಅರ್ಥವಾಗಿ ಹಿಂದೆ ಓಡುವಷ್ಟರಲ್ಲಿ ಆಯಾ ಒಬ್ಬಳು ದಾರಿ ತೋರಿಸಿದ್ದಳು. ಆಮೇಲೆ ಆ ಹೆಂಗಸು ಅದೇ ಲಿಫ್ಟಿನಲ್ಲಿ ಇಳಿದು ಹೋದಳು.

ಆ ಕಣಗಳು ಅತ್ತೆಯ ಮೈಯಲ್ಲಿ ಬೇರೂರಿದವು. ಸುಲಭವೇನೂ ಆಗಲಿಲ್ಲ. ಬಾಯೆಲ್ಲ ಹುಣ್ಣಾಯಿತು, ಎರಡು ಸಲ ಜ್ವರ ಏರಿ ಹೆದರಿಸಿತು, ತಿಂಗಳುಗಟ್ಟಲೆ ಯಾವ ಊಟವೂ ರುಚಿಸಲಿಲ್ಲ. ಮಾವ ರಜೆ ಹಾಕಿ ಮನೆಯಲ್ಲಿದ್ದು ಗಂಜಿ ಕಾಯಿಸಿದ, ನೆಲ ಒರೆಸಿದ, ಬೇಸರವಾದಾಗ ಅಂಗಡಿಯಲ್ಲಿ ಉಳಿದಿದ್ದ ಅಂಗಿಗಳಿಗೆ ಗುಂಡಿ ಹೊಲಿದ. ಅವನು ಹೊಲಿದ ಗುಂಡಿ ಕಿತ್ತು ಬರುತ್ತಿರಲಿಲ್ಲ, ತೂತಿಗೂ ಹೋಗುತ್ತಿರಲಿಲ್ಲ ಅಂತ ಅತ್ತೆ ಹೇಳುತ್ತಾಳೆ. ವರ್ಷ ಕಳೆಯುವಷ್ಟರಲ್ಲಿ ಅವಳು ಮತ್ತೆ ಯಂತ್ರದ ಮುಂದೆ ಕೂತಿದ್ದಳು.

ಎಲ್ಲ ಸರಿಹೋದ ಮೇಲೂ ಮಾವನಿಗೆ ಒಂದು ಕೊರಗು ಉಳಿಯಿತು. ಊಟಕ್ಕೆ ಕೂತಾಗ ಇದ್ದಕ್ಕಿದ್ದ ಹಾಗೆ ಅನ್ನುತ್ತಿದ್ದ. "ಅಷ್ಟು ದೂರದಿಂದ ಬಂದವಳು. ಒಂದು ಲೋಟ ನೀರು ಕೊಡಲಿಲ್ಲ. ದಾರಿನೂ ತಪ್ಪು ತೋರಿಸಿದೆ."

"ತೋರಿಸಿದ್ದಲ್ಲ, ಹೇಳಿದ್ದು" ಅನ್ನುತ್ತಿದ್ದಳು ಅತ್ತೆ. "ಪಾಪ, ಅವಳೂ ನಂಬಿಬಿಟ್ಟಳು."

ನಿವೃತ್ತಿಯಾದ ಮೂರನೇ ದಿನ ಮಾವ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಆ ಮೇಡಂ ಕೋಣೆಗೆ ಹೋದ. ನಾನೂ ಜೊತೆಗಿದ್ದೆ. "ಆ ಪೆಟ್ಟಿಗೆ ಹೊರೋರಿಗೆ ಸಂಬಳ ಇದೆಯಾ?" ಅಂತ ಕೇಳಿದ.

"ಇಲ್ಲ. ಟಿಕೆಟ್ಟು, ಊಟ, ಉಳಿಯೋ ಜಾಗ ಅಷ್ಟೇ. ಮನಸ್ಸಿದ್ದವರು ಬಂದು ಮಾಡ್ತಾರೆ."

"ನಾನು ಮಾಡಬಹುದಾ?"

ಮೇಡಂ ಕನ್ನಡಕ ತೆಗೆದು ಅವನನ್ನು ನೋಡಿದರು. "ಹಿಂದೆ ವಿಮಾನ ಹತ್ತಿದ್ದೀರಾ?"

"ಇಲ್ಲ."

"ಬೇರೆ ಭಾಷೆ?"

"ಸ್ಟಾಪು ಕೇಳೋಷ್ಟು, ಹೇಳೋಷ್ಟು ನಾಲ್ಕು ಭಾಷೇಲಿ ಬರುತ್ತೆ."

"ಮತ್ತೆ ಯಾವ ಧೈರ್ಯದ ಮೇಲೆ ಕೇಳ್ತಿದ್ದೀರಿ?"

"ಮೇಡಂ, ಮೂವತ್ತೊಂದು ವರ್ಷದಲ್ಲಿ ದುಡ್ಡಿನ ಚೀಲ ಕಣ್ಣಿಂದ ಮರೆ ಮಾಡಿಲ್ಲ. ಕೈಗೆ ಕೊಟ್ಟಿದ್ದನ್ನ ಇಳಿಯೋ ಜಾಗಕ್ಕೆ ಇಳಿಸೋದು ಬಿಟ್ಟು ನನಗೆ ಬೇರೆ ಕೆಲಸ ಗೊತ್ತಿಲ್ಲ."

ಅವರು ಕನ್ನಡಕ ಹಾಕಿಕೊಂಡು ಒಂದು ಅರ್ಜಿ ಮುಂದೆ ಇಟ್ಟರು.

ಅರವತ್ತನೇ ವಯಸ್ಸಿಗೆ ಮಾವ ಪಾಸ್‌ಪೋರ್ಟು ಮಾಡಿಸಿದ. ಎರಡು ತಿಂಗಳು ತರಬೇತಿ. ಪೆಟ್ಟಿಗೆಯನ್ನು ವಿಮಾನ ನಿಲ್ದಾಣದ ತಪಾಸಣೆ ಯಂತ್ರದಲ್ಲಿ ಹಾಯಿಸಬಾರದು, ಪತ್ರ ತೋರಿಸಿ ಕೈಯಲ್ಲೇ ನೋಡಿ ಅನ್ನಬೇಕು. ತಲೆಯ ಮೇಲಿನ ಗೂಡಿನಲ್ಲಿ ಇಡಬಾರದು, ಕಾಲ ಬಳಿಯೇ ಇರಬೇಕು. ಶೌಚಕ್ಕೆ ಹೋದರೂ ಜೊತೆಗೇ ಒಯ್ಯಬೇಕು. ಒಳಗಿನ ಶಾಖ ಎರಡು ಡಿಗ್ರಿಗಿಂತ ಇಳಿಯಬಾರದು, ಎಂಟಕ್ಕಿಂತ ಏರಬಾರದು. ಅದನ್ನು ತೋರಿಸಲು ಪೆಟ್ಟಿಗೆಯ ಹೊರಗೆ ಒಂದು ಪುಟ್ಟ ಗಾಜು, ಅದರಲ್ಲಿ ಅಂಕಿ. ಎಲ್ಲಕ್ಕಿಂತ ಮುಖ್ಯವಾಗಿ, ಕಣಗಳು ಮೈಯಿಂದ ಹೊರಬಂದು ಎಪ್ಪತ್ತೆರಡು ಗಂಟೆಯೊಳಗೆ ಇನ್ನೊಂದು ಮೈ ಸೇರಬೇಕು. ಆ ಕಡೆ ಕಾಯುತ್ತಿರುವವರ ಮಜ್ಜೆಯನ್ನು ಅಷ್ಟರಲ್ಲಿ ಸುಟ್ಟಾಗಿರುತ್ತದೆ. ಅವರಿಗೆ ಹಿಂದಕ್ಕೆ ಹೋಗುವ ದಾರಿ ಇರುವುದಿಲ್ಲ.

ಮೊದಲ ಕರೆ ಚಳಿಗಾಲದಲ್ಲಿ ಬಂತು. ಈ ಸಲ ಕೊಡುವವರು ನಮ್ಮ ಊರಿನವರು, ಪಡೆಯುವವರು ದೂರದವರು. ಏಳು ಸಾವಿರದ ಆರುನೂರು ಕಿಲೋಮೀಟರ್. ಮೊದಲ ವಿಮಾನ ನಾಲ್ಕು ಗಂಟೆ, ನಡುವೆ ಎರಡೂವರೆ ಗಂಟೆ ಕಾಯುವುದು, ಎರಡನೆಯದು ಐದು ಗಂಟೆ ನಲವತ್ತು ನಿಮಿಷ. ಮಾವ ಒಂದು ವಾರ ಇದನ್ನೇ ಜಪ ಮಾಡಿದ. ಅತ್ತೆ ಅವನ ಕೋಟಿನ ಒಳಗೆ ಪತ್ರಗಳಿಗಾಗಿ ದೊಡ್ಡ ಜೇಬು ಹೊಲಿದು, ಅದರ ಬಾಯಿಗೆ ಎರಡು ಗುಂಡಿ ಹಾಕಿದಳು.

"ರೀ, ಹೆದರಿಕೆ ಆಗುತ್ತಾ?" ಅಂತ ಕೇಳಿದಳು.

"ಬಸ್ಸಾದರೆ ಬಾಗಿಲಲ್ಲಿ ನಿಲ್ಲಬಹುದು. ಅದರಲ್ಲಿ ಕೂತೇ ಇರಬೇಕಂತೆ."

ಕೊಡುವವರಿಂದ ಎರಡು ದಿನ ಸಾಲಾಗಿ ಕಣ ತೆಗೆದಿದ್ದರು. ಹಾಗಾಗಿ ಎರಡು ಚೀಲ. ಮಾವನ ಕೈಗೆ ಪೆಟ್ಟಿಗೆ ಬರುವಾಗ ಮೊದಲ ದಿನದ ಚೀಲಕ್ಕೆ ಆಗಲೇ ಇಪ್ಪತ್ತಾರು ಗಂಟೆ. ಅವನು ಅಂಗೈ ಮೇಲೆ ಪೆನ್ನಿನಲ್ಲಿ ಇಪ್ಪತ್ತಾರು ಅಂತ ಬರೆದುಕೊಂಡ. ವಿಮಾನದಲ್ಲಿ ಪೆಟ್ಟಿಗೆಯನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು, ಪಟ್ಟಿಯನ್ನು ಮೊಣಕೈಗೆ ಸುತ್ತಿಕೊಂಡು ಕೂತ. ಪಕ್ಕದ ಸೀಟಿನವರು ಊಟ ಮಾಡಿದರು, ಸಿನಿಮಾ ನೋಡಿದರು, ಅವನ ಹೆಗಲ ಮೇಲೆ ತಲೆ ಇಟ್ಟು ನಿದ್ದೆ ಹೋದರು. ಇವನು ಕಣ್ಣು ಮುಚ್ಚಲಿಲ್ಲ. ಮುಂದಿನ ಸೀಟಿನ ಬೆನ್ನಿಗಿದ್ದ ಪರದೆಯಲ್ಲಿ ವಿಮಾನದ ಗುರುತು ಇರುವೆಯಂತೆ ತೆವಳುತ್ತಿತ್ತು. ಉಳಿದ ದೂರ ಎಷ್ಟು, ಉಳಿದ ಹೊತ್ತು ಎಷ್ಟು ಅಂತ ಅದರ ಕೆಳಗೇ ಬರುತ್ತಿತ್ತು. ಅದನ್ನು ನೋಡುತ್ತ ಕೂರುವುದು ಅವನಿಗೆ ಹಿತವಾಯಿತು. ಇಂಥದೊಂದು ಬಸ್ಸಿನಲ್ಲಿ ಇದ್ದಿದ್ದರೆ ಜನ "ಇನ್ನೆಷ್ಟು ದೂರ" ಅಂತ ತಲೆ ತಿನ್ನುತ್ತಿರಲಿಲ್ಲ ಅಂತ ಆಮೇಲೆ ಹೇಳಿದ.

ಮೊದಲ ವಿಮಾನ ಸರಿಯಾಗಿ ಇಳಿಯಿತು, ಎರಡನೆಯದು ಸರಿಯಾಗಿ ಹೊರಟಿತು. ಉಳಿದ ದೂರ ನಾನೂರು ಕಿಲೋಮೀಟರ್ ಇದ್ದಾಗ ಪರದೆಯ ಮೇಲಿನ ವಿಮಾನ ಪಕ್ಕಕ್ಕೆ ತಿರುಗಿತು. ಪೈಲಟ್ ಏನೋ ಹೇಳಿದ. ಜನ ಉಸ್ಸೆಂದರು. ಹೋಗಬೇಕಾದ ಊರಿನ ಮೇಲೆ ದಟ್ಟ ಮಂಜು, ನಿಲ್ದಾಣ ಮುಚ್ಚಿದ್ದಾರೆ, ಬೇರೆ ಊರಿನಲ್ಲಿ ಇಳಿಸುತ್ತಿದ್ದಾರೆ ಎಂಬುದು ಅವನಿಗೆ ಅರ್ಥವಾಗಲು ಐದು ನಿಮಿಷ ಹಿಡಿಯಿತು.

ಇಳಿದಾಗ ಅಲ್ಲಿ ಬೆಳಿಗ್ಗೆ ಹತ್ತೂಕಾಲು. ಅಂಗೈ ಲೆಕ್ಕದಲ್ಲಿ ನಲವತ್ತೆರಡು ಗಂಟೆ ಮುಗಿಯುತ್ತಿತ್ತು. ಮಾವ ನಮ್ಮ ಮೇಡಂಗೆ ಫೋನ್ ಮಾಡಿದ. ನಮ್ಮಲ್ಲಿ ಇನ್ನೂ ಬೆಳಕೂ ಸರಿಯಾಗಿ ಹರಿದಿರಲಿಲ್ಲ. ಅವರು ವಿಚಾರಿಸಿ ಅರ್ಧ ಗಂಟೆಯಲ್ಲಿ ತಿರುಗಿ ಕರೆದರು. "ಮಂಜು ಕರಗಿದರೂ ಈ ವಿಮಾನ ಇವತ್ತು ಹೋಗಲ್ಲವಂತೆ. ಪೈಲಟ್‌ಗಳ ಕೆಲಸದ ಗಂಟೆ ಮುಗಿದಿದೆ. ನಾಳೆ ಬೆಳಿಗ್ಗೆ ಹೊರಡುತ್ತೆ."

ಡ್ಯೂಟಿ ಮುಗಿದ ಮೇಲೆ ಗಾಡಿ ಓಡಿಸಬಾರದು ಎಂಬುದನ್ನು ಮಾವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಎಣಿಸಿದ. ನಾಳೆ ಬೆಳಿಗ್ಗೆ ಹೊರಟು ಆಸ್ಪತ್ರೆ ಸೇರುವಷ್ಟರಲ್ಲಿ ಅರವತ್ತೆಂಟು. ನಾಳೆಯೂ ಮಂಜು ಬಿದ್ದರೆ?

"ರಸ್ತೆ ಇದೆಯಾ ಮೇಡಂ?"

"ಮುನ್ನೂರ ಎಂಬತ್ತು ಕಿಲೋಮೀಟರ್. ಟ್ಯಾಕ್ಸಿಗೆ ಪ್ರಯತ್ನಿಸ್ತಿದ್ದೀನಿ, ಇಳಿದ ಜನವೆಲ್ಲ ಅದಕ್ಕೇ ಮುಗಿಬಿದ್ದಿದ್ದಾರೆ. ಒಂದೂ ಸಿಗ್ತಿಲ್ಲ."

"ಬಸ್ಸು ಇದ್ದೇ ಇರುತ್ತೆ" ಅಂದ ಮಾವ.

ನಿಲ್ದಾಣದ ಹೊರಗೆ, ರಸ್ತೆಯ ಆಚೆ ಬದಿ, ದೂರದ ಬಸ್ಸುಗಳು ನಿಲ್ಲುವ ಜಾಗವಿತ್ತು. ಅಲ್ಲಿನ ಬೋರ್ಡು ಓದಲು ಬರದಿದ್ದರೂ, ಯಾವ ಬಸ್ಸು ಹೊರಡಲಿದೆ, ಯಾವುದು ಸುಮ್ಮನೆ ನಿಂತಿದೆ ಅನ್ನುವುದು ಅವನಿಗೆ ನೋಡಿದ ಕೂಡಲೇ ಗೊತ್ತಾಯಿತು. ಊರಿನ ಹೆಸರು ಹೇಳಿದ. ಬಾಗಿಲಲ್ಲಿದ್ದ ಡ್ರೈವರ್ ಎತ್ತರದ, ದಪ್ಪ ಕೈಗಳ ಹೆಂಗಸು. ಸೀಟಿಲ್ಲ ಎಂದು ಕೈಯಾಡಿಸಿದಳು. ಮಾವ ಕೋಟಿನ ಗುಂಡಿ ಬಿಚ್ಚಿ, ಹಲವು ಭಾಷೆಗಳಲ್ಲಿ ಬರೆದಿದ್ದ ಆಸ್ಪತ್ರೆಯ ಪತ್ರ ತೆಗೆದು ಕೊಟ್ಟ. ಅವಳು ನಿಧಾನಕ್ಕೆ ಓದಿದಳು. ಪೆಟ್ಟಿಗೆ ನೋಡಿದಳು. ಅವನ ಮುಖ ನೋಡಿದಳು. ಆಮೇಲೆ ಬಾಗಿಲ ಪಕ್ಕ ಗೋಡೆಗೆ ಮಡಚಿದ್ದ ಚಿಕ್ಕ ಸೀಟನ್ನು ಎಳೆದು ಕೂರು ಎಂದು ಸನ್ನೆ ಮಾಡಿದಳು. ಅದು ಕಂಡಕ್ಟರ್ ಸೀಟು. ಮಾವ ಅಲ್ಲಿ ಕೂತು, ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿ ತಲೆ ಎಣಿಸಿದ. ಮೂವತ್ತೆಂಟು.

ಬಸ್ಸು ಊರು ಬಿಟ್ಟು ಒಂದು ಗಂಟೆಯಾಗಿರಬೇಕು. ಗಾಜಿನಲ್ಲಿದ್ದ ಅಂಕಿ ನಾಲ್ಕರಿಂದ ಐದಾಯಿತು, ಐದರಿಂದ ಆರಾಯಿತು. ಮಾವ ಕೈ ಕೆಳಗಿಟ್ಟು ನೋಡಿದರೆ ಸೀಟಿನ ಬುಡದಿಂದ ಬಿಸಿಗಾಳಿ ಬರುತ್ತಿತ್ತು. ಹೊರಗೆ ಕೊರೆಯುವ ಚಳಿ, ಬಸ್ಸಿನೊಳಗೆ ಬೆಚ್ಚಗಿಡುವ ಯಂತ್ರ ಹಾಕಿದ್ದರು. ಪೆಟ್ಟಿಗೆಯನ್ನು ಎತ್ತಿ ತೊಡೆಯ ಮೇಲಿಟ್ಟ. ಬಸ್ಸೆಲ್ಲ ಕಾವೇರಿತ್ತು, ಅಂಕಿ ಇಳಿಯಲಿಲ್ಲ. ಆರೂವರೆ. ಅವನು ಡ್ರೈವರಿಗೆ ಅಂಕಿ ತೋರಿಸಿದ, ಎಂಟು ಬೆರಳು ಎತ್ತಿ ಕೂಡದು ಎಂದು ಕೈ ಅಡ್ಡಡ್ಡ ಆಡಿಸಿದ, ಬಿಸಿಗಾಳಿಯ ಕಡೆ ತೋರಿಸಿ ಕೈ ಮುಗಿದ.

ಅವಳು ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿದಳು. ಎದ್ದು ಜನರ ಕಡೆ ತಿರುಗಿ ನಾಲ್ಕೇ ಮಾತು ಆಡಿದಳು. ಹಿಂದಿನ ಸೀಟಿನ ಒಬ್ಬ ಮುದುಕ ಎದ್ದು ಮೇಲಿಂದ ತನ್ನ ಕೋಟು ತೆಗೆದು ಹಾಕಿಕೊಂಡ. ಪಕ್ಕದ ಹುಡುಗಿ ಟೋಪಿ ಹಾಕಿಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ಕೋಟು, ಕೈಗವಸು, ಉಣ್ಣೆ ಶಾಲು ಹಾಕಿಕೊಂಡರು. ತಾಯಿಯೊಬ್ಬಳು ಮಗುವನ್ನು ತನ್ನ ಕೋಟಿನೊಳಗೇ ಸೇರಿಸಿಕೊಂಡು ಗುಂಡಿ ಹಾಕಿದಳು. ಡ್ರೈವರ್ ಯಂತ್ರ ಆರಿಸಿದಳು. ಮುಂದಿನ ಐದು ಗಂಟೆ ಆ ಬಸ್ಸು ಐಸ್ ಪೆಟ್ಟಿಗೆಯಂತೆ ಓಡಿತು.

ನಡುವೆ ಊಟಕ್ಕೆ ನಿಲ್ಲಿಸುವ ಜಾಗ ಬಂದಾಗ ಡ್ರೈವರ್ ಮತ್ತೆ ಏನೋ ಕೇಳಿದಳು. ಹಲವು ಕೈಗಳು ಮುಂದಕ್ಕೆ, ಮುಂದಕ್ಕೆ ಎಂದು ಬೀಸಿದವು. ಬಸ್ಸು ನಿಲ್ಲಲಿಲ್ಲ. ಯಾರೋ ಒಂದು ತುಂಡು ಬ್ರೆಡ್ಡನ್ನು ಕೈಯಿಂದ ಕೈಗೆ ದಾಟಿಸಿ ಮಾವನವರೆಗೆ ಕಳಿಸಿದರು. ತಿನ್ನದಿದ್ದರೆ ಬೇಜಾರು ಮಾಡಿಕೊಂಡಾರು ಅಂತ ಚೂರು ಚೂರೇ ಅಗಿದ. ಅವನು ಜೀವನವೆಲ್ಲ ಜನರನ್ನು "ಒಳಗೆ ಹೋಗ್ರಿ, ಮುಂದೆ ಸರೀರಿ" ಅಂತ ಗದರಿಸಿದವನು. ಇಷ್ಟು ಜನ ತನಗಾಗಿ ಸರಿದು ಕೂತದ್ದನ್ನು ಅವನು ಕಂಡಿರಲಿಲ್ಲ. ತನಗಾಗಿ ಅಲ್ಲ ಅಂತ ಆಮೇಲೆ ತಾನೇ ತಿದ್ದಿಕೊಂಡ. ಅಂಕಿ ನಾಲ್ಕೂವರೆಗೆ ಇಳಿದು ಅಲ್ಲೇ ನಿಂತಿತ್ತು.

ಬಸ್ಸು ತನ್ನ ನಿಲ್ದಾಣಕ್ಕೆ ಹೋಗಲಿಲ್ಲ. ಡ್ರೈವರ್ ಅದನ್ನು ಆಸ್ಪತ್ರೆಯ ಗೇಟಿನ ಮುಂದೆಯೇ ತಂದು ನಿಲ್ಲಿಸಿದಳು. ಸಂಜೆ ಏಳಕ್ಕೆ ಹತ್ತು ನಿಮಿಷ ಇತ್ತು. ಗೇಟಿನಲ್ಲಿ ಇಬ್ಬರು ನರ್ಸುಗಳು ಕಾಯುತ್ತಿದ್ದರು. ಮಾವ ಇಳಿದು ತಿರುಗಿ ನೋಡಿದರೆ ಕಿಟಕಿಗಳ ತುಂಬ ಮುಖಗಳು. ಅವನು ಕೈ ಎತ್ತಿದ. ಬಸ್ಸಿನ ಪಕ್ಕೆಯನ್ನು ಎರಡು ಸಲ ತಟ್ಟಿದ. ಯಾವ ದೇಶದ ಡ್ರೈವರಿಗೂ ಅದರ ಅರ್ಥ ಗೊತ್ತಿರಬೇಕು, ಬಸ್ಸು ಹೊರಟಿತು.

ಚೀಟಿಗಳನ್ನು ತಾಳೆ ನೋಡಿ, ಅಂಕಿ ಬರೆದುಕೊಂಡು, ಸಹಿ ಹಾಕಿ, ನರ್ಸು ಪೆಟ್ಟಿಗೆ ಒಯ್ದಳು. ಮಾವ ಅತ್ತೆಗೆ ಫೋನ್ ಮಾಡಿದ.

"ಇಳಿಸಿದೆ" ಅಂದ.

"ಊಟ?"

"ಇನ್ನೂ ಇಲ್ಲ."

"ಅಳ್ತಾ ಇದ್ದೀರಾ?"

"ಚಳಿ ಇಲ್ಲಿ. ಮೂಗು ಸೋರುತ್ತೆ."

"ಮೊದಲು ಏನಾದರೂ ತಿನ್ನಿ. ಆಮೇಲೆ ಎಷ್ಟು ಬೇಕಾದರೂ ಮೂಗು ಸೋರಿಸಿಕೊಳ್ಳಿ" ಅಂದಳು ಅತ್ತೆ. ಫೋನ್ ಇಟ್ಟ ಮೇಲೆ ಅವಳ ಕಣ್ಣೂ ಒದ್ದೆಯಾಗಿತ್ತು. ನಾನು ನೋಡಿದ್ದು ಗೊತ್ತಾಗಿ, "ನೂಲು ಪೋಣಿಸಿಕೊಡು, ಕಣ್ಣು ಸರಿಯಾಗಿ ಕಾಣ್ತಿಲ್ಲ" ಅಂತ ಸೂಜಿ ಕೊಟ್ಟಳು.

ಮೂರು ತಿಂಗಳಾದ ಮೇಲೆ ಮೇಡಂ ಕರೆ ಮಾಡಿದರು. ಅವರಿಗೂ ತಿಳಿದದ್ದು ಒಂದೇ ಸಾಲು. ಪಡೆದವರು ಮನೆಗೆ ಹೋಗಿದ್ದಾರೆ. ಯಾರು, ಎಷ್ಟು ವಯಸ್ಸು, ಏನೂ ಇಲ್ಲ. ಮಾವ ರೈಟ್ ಅಂದು ಫೋನ್ ಇಟ್ಟು ಅತ್ತೆಗೆ ಹೇಳಿದ. ಅವಳು ಕಾಲರಿಗೆ ಇಸ್ತ್ರಿ ಹಾಕುತ್ತಿದ್ದವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಕೂತಳು.

"ಮನೆಗೆ ಹೋದ ಮೇಲೇ ಕಷ್ಟ" ಅಂದಳು. "ಆಸ್ಪತ್ರೆಯಲ್ಲಿ ಎಲ್ಲರೂ ಇರ್ತಾರೆ. ಮನೇಲಿ ಎಲ್ಲರೂ ಹುಷಾರಾದೆಯಲ್ಲ ಅಂತಾರೆ. ನಾಲಿಗೆಗೆ ರುಚಿ ಬರಲ್ಲ, ಮೆಟ್ಟಿಲು ಹತ್ತೋಕಾಗಲ್ಲ. ಇದೆಲ್ಲ ಅವರಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ."

ಹೆಸರು, ಊರು ಬರೆಯದೆ ಒಂದು ಪತ್ರ ಕಳಿಸಬಹುದು, ಆಸ್ಪತ್ರೆಯವರು ಓದಿ, ಅವರ ಭಾಷೆಗೆ ಬದಲಿಸಿ ದಾಟಿಸುತ್ತಾರೆ ಅಂತ ಮಾವನಿಗೆ ಗೊತ್ತಿತ್ತು. ಅತ್ತೆ ಗಿರಾಕಿಗಳ ಅಳತೆ ಬರೆಯುವ ಪುಸ್ತಕದಿಂದ ಒಂದು ಹಾಳೆ ಕಿತ್ತಳು. ಅವಳು ಹೇಳಿದ್ದನ್ನು ನಾನು ಬರೆದೆ.

"ನೀವು ನನಗೆ ಗೊತ್ತಿಲ್ಲ. ನನಗೂ ಹೀಗೇ ಆಗಿತ್ತು. ಐದಾರು ತಿಂಗಳು ಎಲ್ಲವೂ ಕಾಗದ ಅಗಿದ ಹಾಗೆ ಇರುತ್ತದೆ, ಆಮೇಲೆ ರುಚಿ ತಾನಾಗಿ ಬರುತ್ತದೆ. ಮೊದಲು ಹುಳಿ ಬರುತ್ತದೆ. ಕೂದಲು ಹಿಂದಿನ ಹಾಗೆ ಬರದೆ ಗುಂಗುರಾಗಿ ಬಂದರೆ ಹೆದರಬೇಡಿ. ಮಧ್ಯಾಹ್ನ ಮಲಗಬೇಕು ಅನಿಸಿದರೆ ಮಲಗಿ, ಸೋಮಾರಿತನ ಅಂದುಕೊಳ್ಳಬೇಡಿ. ಕೈಗೆ ಸಣ್ಣ ಕೆಲಸ ಇಟ್ಟುಕೊಳ್ಳಿ. ನನಗೆ ಗುಂಡಿ ಕಿತ್ತು ಮತ್ತೆ ಹೊಲಿಯುವ ಕೆಲಸ ಬೇಕಾದಷ್ಟಿತ್ತು."

ಕೊನೆಯ ಸಾಲು ಕೇಳಿ ಮಾವ ಬಾಗಿಲಲ್ಲಿ ಕೆಮ್ಮಿದ.

ಆ ಪತ್ರಕ್ಕೆ ಉತ್ತರ ಬರಲಿಲ್ಲ. ಅತ್ತೆ ಕಾಯಲೂ ಇಲ್ಲ. ಆಮೇಲೆ ಮಾವ ಹೋದಾಗಲೆಲ್ಲ ಒಂದು ಪತ್ರ ಬರೆಸಿದಳು.

ಒಂಬತ್ತು ವರ್ಷದಲ್ಲಿ ಮಾವ ಇಪ್ಪತ್ತೆರಡು ಸಲ ಹೋಗಿ ಬಂದ. ಅತಿ ಹತ್ತಿರದ ದಾರಿ ಎರಡು ಗಂಟೆ, ಅತಿ ದೂರದ್ದು ಹದಿನೇಳು. ಪೆಟ್ಟಿಗೆ ಎಂದೂ ಕೈ ತಪ್ಪಲಿಲ್ಲ. ಆದರೂ ನಾಲ್ಕು ಸಲ, ಆ ಕಡೆಯ ಜೀವ ಉಳಿಯಲಿಲ್ಲ ಅಂತ ಸುದ್ದಿ ಬಂತು. ಅಂಥ ದಿನ ಅವನು ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಬಂದು ಕೂರುತ್ತಿದ್ದ. ಅತ್ತೆ ಏನೂ ಕೇಳದೆ ಹೊಲಿಯುತ್ತಿದ್ದಳು. ಯಂತ್ರದ ಸದ್ದಿನಲ್ಲಿ ಇಬ್ಬರೂ ಕತ್ತಲಾಗುವವರೆಗೆ ಇರುತ್ತಿದ್ದರು. ಆಮೇಲೆ ಅವಳೇ "ಏಳಿ, ಊಟಕ್ಕೆ" ಅನ್ನುತ್ತಿದ್ದಳು.

ಎಪ್ಪತ್ತು ಹತ್ತಿರವಾದಾಗ ಆಸ್ಪತ್ರೆಯವರು ಇನ್ನು ಸಾಕು ಅಂದರು. ಈಗ ಹೊಸದಾಗಿ ಸೇರುವವರಿಗೆ ಅವನೇ ಪಾಠ ಹೇಳುತ್ತಾನೆ. ಮೊನ್ನೆ ಒಬ್ಬ ಮೇಷ್ಟ್ರು ಬಂದಿದ್ದರು, ಪುಸ್ತಕ ಪೆನ್ನು ಹಿಡಿದು. ಬಸ್ಸಿನಲ್ಲಿ ಬಿಸಿಗಾಳಿ ಎಲ್ಲಿಂದ ಬರುತ್ತದೆ ಅಂತ ಮಾವ ಅವರಿಗೆ ಮುಕ್ಕಾಲು ಗಂಟೆ ವಿವರಿಸಿದ.

ಅತ್ತೆಯದು ವರ್ಷಕ್ಕೊಂದು ತಪಾಸಣೆ. ಈ ವರ್ಷದ್ದು ಕಳೆದ ಮಂಗಳವಾರ ಇತ್ತು. ನಾನು ಬರಲಾ ಅಂದರೆ ಬೇಡ ಅಂದಳು, ಮಾವನನ್ನೂ ಬೇಡ ಅಂದಳು. ಒಬ್ಬಳೇ ಬಸ್ಸು ಹಿಡಿದು ಹೋಗಿ, ಮಧ್ಯಾಹ್ನದ ಹೊತ್ತಿಗೆ ಬಂದಳು. ಚಪ್ಪಲಿ ಬಿಡುತ್ತಲೇ, "ಎಲ್ಲಾ ಸರಿಯಾಗಿದೆಯಂತೆ, ಮುಂದಿನ ವರ್ಷ ಬನ್ನಿ ಅಂದರು" ಅಂದಳು. ಶಾಲೆ ಶುರುವಾಗಲು ಹತ್ತೇ ದಿನ ಇತ್ತು, ಅರವತ್ತು ಅಂಗಿ ಬಾಕಿ ಇದ್ದವು. ನೀರು ಕುಡಿದು, ಕನ್ನಡಕ ಒರೆಸಿಕೊಂಡು, ಯಂತ್ರದ ಮುಂದೆ ಕೂತಳು.